ಗುಂಯ್‌ಗೂ ಗರಗರಕ್ಕೂ ನಡುವೆ

ಶಬ್ದವನ್ನು ಮೊದಲು ಕೇಳಿಸಿಕೊಂಡವಳು ಅಮ್ಮ. ಗುಬ್ಬಿ ದಾಟಿ ನಿಟ್ಟೂರಿನ ಕಡೆ ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದ ಅವಳು, "ಕಾರಿನೊಳಗೆ ದುಂಬಿ ಸೇರಿಕೊಂಡಿದೆಯೇನೇ? ಗುಂಯ್ ಅನ್ನುತ್ತಿದೆ" ಎಂದಳು. ದುಂಬಿ ಇದ್ದರೆ ಹಾರಿ ಹೋಗಲಿ ಎಂದು ಕಿಟಕಿ ಇಳಿಸಿದೆ. ಗಾಳಿಯ ಆರ್ಭಟದಲ್ಲಿ ಗುಂಯ್ ಮುಳುಗಿತು. ಕಿಟಕಿ ಏರಿಸಿದೆ, ಮತ್ತೆ ಬಂತು. ಕೆ.ಬಿ. ಕ್ರಾಸಿನ ಹತ್ತಿರ ವೇಗ ತಗ್ಗಿಸಿದಾಗ ತಾನಾಗಿಯೇ ಅಡಗಿತು. "ಹೋಯಿತು ನೋಡು" ಎಂದು ಅಮ್ಮ ಮತ್ತೆ ಕಣ್ಣು ಮುಚ್ಚಿದಳು.

ಅಪ್ಪನಿಗೆ ಒಂದು ವರ್ಷದಿಂದ ಕೆಮ್ಮು. ತುಮಕೂರಿನಲ್ಲಿರುವ ನಾನು ತಿಂಗಳಿಗೊಮ್ಮೆಯಾದರೂ ಬಿ.ಎಚ್. ರಸ್ತೆ ಹಿಡಿದು ತಿಪಟೂರಿನಾಚೆಯ ನಮ್ಮ ಊರಿಗೆ ಹೋಗಿ ಅವರಿಬ್ಬರನ್ನೂ ಕರೆತರುತ್ತೇನೆ, ಡಾಕ್ಟರಿಗೆ ತೋರಿಸುತ್ತೇನೆ, ಮರುದಿನ ವಾಪಸು ಬಿಟ್ಟು ಬರುತ್ತೇನೆ. ಬೆಂಗಳೂರು–ಹೊನ್ನಾವರ ರಸ್ತೆ ಎಂಬುದು ಜನರ ಬಾಯಲ್ಲಿ ಬಿ.ಎಚ್. ಆಗಿದೆ, ಈಗಿನ ಹೆದ್ದಾರಿ ಲೆಕ್ಕದಲ್ಲಿ ತುಮಕೂರಿನಿಂದ ತಿಪಟೂರಿನ ಕಡೆಗೆ ಹೋಗುವ ಈ ಭಾಗದ ಸಂಖ್ಯೆ 73. ದಾರಿಯುದ್ದಕ್ಕೂ ತೆಂಗಿನ ತೋಟ, ಕೆರೆ ಏರಿ, ಪಕ್ಕದಲ್ಲೇ ಆಗೊಮ್ಮೆ ಈಗೊಮ್ಮೆ ಜೊತೆಯಾಗುವ ರೈಲು ಹಳಿ. ಕಾರು ಒಂಬತ್ತು ವರ್ಷದ ಸಣ್ಣ ಹ್ಯಾಚ್‌ಬ್ಯಾಕ್. ಆಗ ಮೀಟರಿನಲ್ಲಿ 86,000 ಕಿ.ಮೀ. ದಾಟಿತ್ತು.

ಅಮ್ಮ ದುಂಬಿ ಎಂದ ಮೇಲೆ ನನ್ನ ಕಿವಿಗೂ ಅದು ಅಂಟಿಕೊಂಡಿತು. ಗಂಟೆಗೆ 40 ಕಿ.ಮೀ. ಆಗುವವರೆಗೆ ಏನೂ ಇಲ್ಲ. 50ಕ್ಕೆ ಬಂದಾಗ ದೂರದ ಹೊಲದಲ್ಲಿ ಪಂಪ್‌ಸೆಟ್ ಓಡುತ್ತಿರುವಂತೆ ಒಂದು ತೆಳುವಾದ ಎಳೆ. 60ಕ್ಕೆ ಅದೇ ಎಳೆ ದಪ್ಪವಾಗುತ್ತಿತ್ತು. 80ಕ್ಕೆ ಇಡೀ ಕಾರಿನ ಒಳಗು ತಂಬೂರಿಯ ಬುರುಡೆಯಾಗುತ್ತಿತ್ತು. ಆದರೆ ಊರೊಳಗಿನ ಓಡಾಟದಲ್ಲಿ ಇದರ ಸುಳಿವೇ ಇರಲಿಲ್ಲ. ಮನೆಯಿಂದ ಕಾಲೇಜು, ಕಾಲೇಜಿನಿಂದ ಮನೆ, ಎಲ್ಲವೂ ಮೌನ. ಹೆದ್ದಾರಿಯಲ್ಲಿ ರೇಡಿಯೊದ ಹಾಡನ್ನು ಎರಡು ಗೆರೆ ಏರಿಸಿದರೆ ಶಬ್ದ ಮುಚ್ಚಿಹೋಗುತ್ತಿತ್ತು. ಎರಡು ತಿಂಗಳು ನಾನು ಮಾಡಿದ್ದು ಅದನ್ನೇ. ಆ ಎರಡು ತಿಂಗಳಲ್ಲಿ ಅಪ್ಪ, ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಅದೇ ಚಕ್ರದ ಮೇಲೆ ಓಡಾಡಿದೆ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕೊನೆಗೆ ತುಮಕೂರಿನ ದೊಡ್ಡದೊಂದು ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ವಿನಯದಿಂದಲೇ ಕೇಳಿದ: "ಏನು ತೊಂದರೆ ಮೇಡಂ?"

"ಓಡಿಸುವಾಗ ಏನೋ ಶಬ್ದ ಬರುತ್ತಿದೆ."

ಅವನು ಜಾಬ್ ಕಾರ್ಡಿನಲ್ಲಿ 'ಶಬ್ದ' ಎಂದು ಬರೆದುಕೊಂಡ. ಎಂಥ ಶಬ್ದ, ಯಾವ ವೇಗದಲ್ಲಿ, ನೇರ ರಸ್ತೆಯಲ್ಲೋ ತಿರುವಿನಲ್ಲೋ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಂಜೆ ಫೋನ್ ಬಂತು. ಮುಂದಿನ ಎರಡೂ ಟೈರುಗಳು ಏರುಪೇರಾಗಿ ಸವೆದಿವೆ, ಶಬ್ದ ಅದರದ್ದೇ, ಬದಲಾಯಿಸಬೇಕು. ಸರಿ ಎಂದೆ. ಒಂಬತ್ತು ಸಾವಿರದ ಚಿಲ್ಲರೆ ಕಟ್ಟಿ ಕಾರು ತಂದೆ. ಮುಂದಿನ ಶನಿವಾರ ಗುಬ್ಬಿ ದಾಟಿ 50ಕ್ಕೆ ಬಂದಾಗ ದುಂಬಿ ಅಲ್ಲೇ ಇತ್ತು.

ಅವರು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಟೈರಿನ ಗುಬುಟುಗಳು ಗರಗಸದ ಹಲ್ಲಿನಂತೆ ಓರೆಯಾಗಿ ಸವೆದರೆ ಅದೂ ಗುಂಯ್ ಎನ್ನುತ್ತದೆ, ಅದೂ ವೇಗದ ಜೊತೆ ಏರುತ್ತದೆ. ಶಬ್ದ ಟೈರಿನದೋ ಬೇರೆಯದರದ್ದೋ ಎಂದು ತಿಳಿಯಲು ದುಡ್ಡಿಲ್ಲದ ದಾರಿಗಳಿದ್ದವು. ಟೈರಿನ ಶಬ್ದ ರಸ್ತೆಯ ಮೈ ಬದಲಾದಂತೆ ಬದಲಾಗುತ್ತದೆ; ನುಣುಪಾದ ಹೊಸ ಡಾಂಬರಿನ ಮೇಲೆ ಒಂದು ಬಗೆ, ಜಲ್ಲಿ ಎದ್ದ ಹಳೆಯ ರಸ್ತೆಯ ಮೇಲೆ ಇನ್ನೊಂದು ಬಗೆ, ಕಾಂಕ್ರೀಟಿನ ಮೇಲೆ ಮತ್ತೊಂದು. ನನ್ನ ದುಂಬಿ ಎಲ್ಲದರ ಮೇಲೂ ಒಂದೇ ರಾಗ ಹಿಡಿದಿತ್ತು. ಅದೂ ಸಾಲದೆ ಹೋದರೆ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಬಹುದು. ಟೈರಿನದಾದರೆ ಶಬ್ದವೂ ಟೈರಿನ ಜೊತೆ ಜಾಗ ಬದಲಿಸುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಅಷ್ಟನ್ನು ಮಾಡದೆ ಟೈರು ಕಳಚಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ನಮ್ಮ ಮನೆಯಲ್ಲಿ ಇಂಥ ಅವಸರವನ್ನು ಸಹಿಸುತ್ತಿರಲಿಲ್ಲ. ಅಪ್ಪ ಕೊಬ್ಬರಿಯವರು. ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವುದೆಂದರೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುವುದು. ಎಂಟು ತಿಂಗಳಾದರೂ ಬೇಕು, ಹೆಚ್ಚಿನ ಕಾಯಿಗೆ ವರ್ಷ ಹಿಡಿಯುತ್ತದೆ. ಒಳಗಿನ ನೀರು ಮೆಲ್ಲಗೆ ಇಂಗಬೇಕು, ತಿರುಳು ಒಣಗಿ ಮುದುಡಿ ಚಿಪ್ಪಿನಿಂದ ತಾನಾಗಿಯೇ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳುವ ಮುನ್ನ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಹೋಳಾಗುತ್ತದೆ, ಉಂಡೆ ಹೋಗುತ್ತದೆ, ಬೆಲೆ ಹೋಗುತ್ತದೆ. ಆದ್ದರಿಂದ ಒಡೆಯುವ ಮೊದಲೇ ಒಳಗಿನ ಸ್ಥಿತಿ ಗೊತ್ತಾಗಬೇಕು. ಅದಕ್ಕೆ ಇರುವುದು ಕಿವಿ ಒಂದೇ.

ನನಗೆ ಒಂಬತ್ತೋ ಹತ್ತೋ ವರ್ಷ. ಅಟ್ಟದ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಬ್ಯಾಟರಿ ಹಿಡಿಯುವುದು ನನ್ನ ಕೆಲಸ. ಅಪ್ಪ ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದರು. ಮುಂಗೈ ತುಂಬ ನಾರಿನ ಕಂದು ಧೂಳು, ಹುಬ್ಬಿನ ಮೇಲೆ ಜೇಡರ ಬಲೆಯ ಎಳೆ. ಕಾಯಿಯನ್ನು ಕಿವಿಯ ಪಕ್ಕಕ್ಕೆ ತಂದು ಎರಡೇ ಎರಡು ಸಲ ಅಲ್ಲಾಡಿಸುತ್ತಿದ್ದರು. ಗುಳುಗುಳು ಎಂದರೆ ನೀರಿದೆ, ಅದು ಹಿಂದಕ್ಕೆ. ಸದ್ದೇ ಇಲ್ಲದಿದ್ದರೆ ನೀರು ಇಂಗಿದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿಲ್ಲ, ಅದು ನಡುವಿಗೆ. ಗಡಗಡ ಎಂದರೆ ಉಂಡೆ ಬಿಡಿಸಿಕೊಂಡು ಒಳಗೆ ಉರುಳುತ್ತಿದೆ, ಅದು ಇಳಿಸುವ ರಾಶಿಗೆ. ಕೆಲವು ಕಾಯಿಗಳನ್ನು ಅವರು ಮೂರನೆಯ ಸಲ ಅಲ್ಲಾಡಿಸಿ, ಹುಬ್ಬು ಗಂಟಿಕ್ಕಿ, ಏನೂ ಹೇಳದೆ ಬೇರೆಯೇ ಮೂಲೆಗೆ ಇಡುತ್ತಿದ್ದರು. ಆ ಸದ್ದಿಗೆ ಹೆಸರು ಏನೆಂದು ಒಮ್ಮೆ ಕೇಳಿದೆ. "ದೊಬ್ ಅನ್ನುತ್ತದೆ. ಕೆಟ್ಟಿದೆ" ಎಂದರು. ನನಗೂ ಒಂದು ಕಾಯಿ ಕೊಟ್ಟರು. ನನಗೆ ಅದೂ ಗಡಗಡದಂತೆಯೇ ಕೇಳಿಸಿತು. ಆಗ ಅವರು ಗಡಗಡದ್ದೊಂದು, ದೊಬ್ಬಿನದ್ದೊಂದು ಎರಡನ್ನೂ ನನ್ನ ಎರಡು ಕಿವಿಗಳ ಪಕ್ಕ ಹಿಡಿದು ಒಂದಾದ ಮೇಲೊಂದು ಅಲ್ಲಾಡಿಸಿದರು. ವ್ಯತ್ಯಾಸ ಕೇಳಿಸಿತು. ಜೊತೆಗಿಟ್ಟು ಕೇಳುವವರೆಗೆ ಅದು ಕೇಳಿಸಿರಲಿಲ್ಲ.

ಆ ಕಿವಿಗಳೇ ಈಗ ಅಪ್ಪನಿಗೆ ಕೈಕೊಟ್ಟಿವೆ. ಮೊಬೈಲ್ ರಿಂಗಾದರೆ ಗೊತ್ತಾಗುವುದಿಲ್ಲ. ನನ್ನ ಮಗಳ ಕೀರಲು ದನಿಯ ಮಾತಂತೂ ಅವರನ್ನು ಮುಟ್ಟುವುದೇ ಇಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ಸ್ವರಗಳು, ಸ, ಶ, ತ ದಂಥ ಅಕ್ಷರಗಳ ಅಂಚು ಮಸುಕಾಗುತ್ತದೆ, ತಗ್ಗಿನ ಸ್ವರಗಳು ಹೆಚ್ಚು ಕಾಲ ಉಳಿಯುತ್ತವೆ ಎಂದು ಡಾಕ್ಟರು ವಿವರಿಸಿದ್ದರು. ಅದೇ ಭೇಟಿಯಲ್ಲಿ ಅವರು ಅಪ್ಪನ ಅಂಗಿ ಮೇಲೆತ್ತಿ, ಎಡಗೈಯ ನಡುಬೆರಳನ್ನು ಬೆನ್ನಿಗೆ ಒತ್ತಿ, ಬಲಗೈಯ ನಡುಬೆರಳಿನ ತುದಿಯಿಂದ ಅದರ ಮೇಲೆ ತಟ್ಟುತ್ತ ಬಂದರು. ಮೇಲೆ ಟೊಳ್ಳು ಸದ್ದು. ಕೆಳಗೆ ಒಂದು ಕಡೆ ಸದ್ದು ಮೊಂಡಾಯಿತು. ಅಲ್ಲೇ ನಿಂತು ಮತ್ತೆರಡು ಸಲ ತಟ್ಟಿದರು. ಅಪ್ಪ ಬೆನ್ನು ತಿರುಗಿಸಿಕೊಂಡೇ, "ಇವರೂ ನಾವು ಕಾಯಿ ನೋಡುವ ಹಾಗೆಯೇ ನೋಡುತ್ತಾರಲ್ಲ" ಎಂದರು.

ಡಾಕ್ಟರಿಗೆ ಆ ಮಾತು ಬಹಳ ಹಿಡಿಸಿತು. ಈ ವಿದ್ಯೆ ಬಂದದ್ದೇ ಹಾಗೆ ಎಂದರು. ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್ 1761ರಲ್ಲಿ ಎದೆಯನ್ನು ತಟ್ಟಿ ರೋಗ ಗುರುತಿಸುವ ಕ್ರಮವನ್ನು ಪ್ರಕಟಿಸಿದರು. ಅವರ ತಂದೆ ಛತ್ರ ನಡೆಸುತ್ತಿದ್ದವರು. ಪೀಪಾಯಿಯಲ್ಲಿ ದ್ರಾಕ್ಷಾರಸ ಎಲ್ಲಿಯವರೆಗೆ ಇದೆ ಎಂದು ಹೊರಗಿನಿಂದ ತಟ್ಟಿ ತಿಳಿಯುವುದನ್ನು ಮಗ ಚಿಕ್ಕಂದಿನಲ್ಲೇ ಕಂಡಿದ್ದರು ಎಂದು ಹೇಳುತ್ತಾರೆ. ನಾನು ಅದನ್ನು ಅಪ್ಪನ ಕಿವಿಯ ಹತ್ತಿರ ಗಟ್ಟಿಯಾಗಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ. ಅಪ್ಪ ತಲೆಯಾಡಿಸಿ, "ಒಡೆಯದೆ ತಿಳಿಯಬೇಕು ಅಂದರೆ ಬೇರೆ ದಾರಿ ಏನಿದೆ?" ಎಂದರು.

ಮರುದಿನ ಊರಿಗೆ ಹೊರಟಾಗ ರೇಡಿಯೊ ಆರಿಸಿದೆ. ಫ್ಯಾನ್ ಆರಿಸಿದೆ. ಕಿಟಕಿಗಳನ್ನೆಲ್ಲ ಏರಿಸಿದೆ. ಸ್ಟೆಪ್ನಿಯ ಪಕ್ಕ ಉರುಳಾಡುತ್ತಿದ್ದ ಜಾಕ್, ಪಾನ, ಎರಡು ಖಾಲಿ ಬಾಟಲಿ ಎಲ್ಲವನ್ನೂ ಮನೆಯಲ್ಲೇ ಬಟ್ಟೆ ಸುತ್ತಿ ಅಲುಗಾಡದಂತೆ ಇಟ್ಟು ಬಂದಿದ್ದೆ. ಕಾರಿನ ಅರ್ಧ ಶಬ್ದಗಳು ನಾವೇ ತುಂಬಿಟ್ಟ ಸಾಮಾನಿನವು. ಒಂದು ಪ್ರಶ್ನೆ ಕೇಳುವ ಮೊದಲು ಉಳಿದ ಬಾಯಿಗಳನ್ನು ಮುಚ್ಚಿಸಬೇಕು. ಅಪ್ಪ ಮುಂದೆ ನನ್ನ ಎಡಕ್ಕೆ, ಅಮ್ಮ ಹಿಂದೆ.

ಗುಬ್ಬಿ ದಾಟಿದ ಮೇಲೆ ಹಿಂದೆ ಮುಂದೆ ವಾಹನ ಇಲ್ಲದ ನೇರ ರಸ್ತೆ ಸಿಕ್ಕಿತು. 60ಕ್ಕೆ ಏರಿಸಿದೆ. ಗುಂಯ್ ಬಂತು. ಕ್ಲಚ್ ಪೂರ್ತಿ ಒತ್ತಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎಂಜಿನ್ನಿನ ದನಿ ತಕ್ಷಣ ಕುಸಿಯಿತು; ಗುಂಯ್ ಕುಸಿಯಲಿಲ್ಲ, ಕಾರಿನ ವೇಗ ಇಳಿದಂತೆ ಅದೂ ಒಂದೇ ಎಳೆಯಲ್ಲಿ ಇಳಿಯಿತು. ಅಂದರೆ ಇದು ಎಂಜಿನ್ನಿನ ತಿರುಗಾಟಕ್ಕೆ ಅಂಟಿದ ಶಬ್ದವಲ್ಲ, ಚಕ್ರದ ತಿರುಗಾಟಕ್ಕೆ ಅಂಟಿದ್ದು. (ಇದನ್ನು ಪರೀಕ್ಷಿಸಲು ಓಡುತ್ತಿರುವಾಗ ಕೀಲಿಯನ್ನೇ ಆರಿಸುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಎಂಜಿನ್ ನಿಂತರೆ ಪವರ್ ಸ್ಟೇರಿಂಗಿನ ನೆರವು ಹೋಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಕೀಲಿ ಹೊರಬಂದರೆ ಸ್ಟೇರಿಂಗ್ ಬೀಗವೇ ಬೀಳಬಹುದು. ಕ್ಲಚ್ ಒತ್ತಿದರೆ ಸಾಕು.) ಬ್ರೇಕನ್ನು ಹಗುರವಾಗಿ ಮುಟ್ಟಿ ನೋಡಿದೆ. ರಾಗ ಬದಲಾಗಲಿಲ್ಲ. ಬ್ರೇಕ್ ಪ್ಯಾಡ್ ಪಟ್ಟಿಯಿಂದ ಹೊರಬಿತ್ತು.

ಮುಂದೆ ಒಂದು ಕೆರೆ. ಏರಿಯ ಮೇಲೆ ರಸ್ತೆ ಮೊದಲು ಬಲಕ್ಕೆ ಉದ್ದವಾಗಿ ಬಾಗಿ ಆಮೇಲೆ ಎಡಕ್ಕೆ ಹೊರಳುತ್ತದೆ. ಬಲಕ್ಕೆ ಬಾಗಿದಾಗ ಗುಂಯ್ ಉಬ್ಬಿತು. ಎಡಕ್ಕೆ ಹೊರಳಿದಾಗ ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ ತಗ್ಗಿತು. ನನಗೇ ಭ್ರಮೆಯೇನೋ ಎಂದು ಅಪ್ಪನ ಕಡೆ ನೋಡಿದೆ. ಅವರು ಚಪ್ಪಲಿ ಬಿಟ್ಟಿದ್ದರು. ರಬ್ಬರ್ ಮ್ಯಾಟನ್ನು ಹಿಮ್ಮಡಿಯಿಂದ ಹಿಂದಕ್ಕೆ ಸರಿಸಿ, ಬರಿಯ ಪಾದವನ್ನು ಇಳಿಜಾರಾದ ನೆಲದ ಮೇಲೆ ಚಪ್ಪಟೆಯಾಗಿ ಊರಿದ್ದರು. ಹೆಬ್ಬೆರಳು ಮೇಲೆದ್ದಿತ್ತು. ಅಟ್ಟದ ಮೇಲೆ ಗಂಟಿಕ್ಕುತ್ತಿದ್ದ ಅದೇ ಹುಬ್ಬು.

"ಇದು ನನ್ನ ಕಾಲಿನ ಕೆಳಗೆ ಇದೆ" ಎಂದರು. "ನಿನ್ನ ಕಡೆ ಇಲ್ಲ."

"ನಿಮಗೆ ಕೇಳಿಸುತ್ತಿದೆಯೇ ಅಪ್ಪ?" ಎಂದು ಕೂಗಿದೆ.

"ಕೇಳಿಸುವುದಿಲ್ಲ. ಗೊತ್ತಾಗುತ್ತಿದೆ. ಈಗ ಆ ಕಡೆ ತಿರುಗಿಸಿದೆಯಲ್ಲ, ಆಗ ಜಾಸ್ತಿಯಾಯಿತು."

ಕಾರು ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಎಡಕ್ಕೆ ತಿರುಗುವಾಗ ಬಲಗಡೆಗೆ. ಭಾರ ಬಿದ್ದಾಗ ನರಳುವ ಚಕ್ರವೇ ನೋವಿರುವ ಚಕ್ರ. ಇಷ್ಟನ್ನು ನಾನು ಆಮೇಲೆ ಓದಿ, ಕೇಳಿ ಖಚಿತ ಮಾಡಿಕೊಂಡೆ. ಅಪ್ಪ ಅದನ್ನು ಅಂಗಾಲಿನಿಂದ ಓದಿದ್ದರು. ಡಾಕ್ಟರು ಹೇಳಿದ್ದ ತಗ್ಗಿನ ಸ್ವರ ಕಿವಿಗೆ ಸಿಗದಿದ್ದರೂ ಅಂಗಾಲಿಗೆ ಸಿಕ್ಕಿತ್ತು.

ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಶಿರಾ ಗೇಟಿನಾಚೆ ಇರುವ ಒಂದು ಶೆಡ್ಡಿನ ಮೇಸ್ತ್ರಿಯ ಬಳಿ ಹೋಗಲು ಹೇಳಿದರು. ಸೋಮವಾರ ಬೆಳಿಗ್ಗೆ ಹೋದೆ. ಅರುವತ್ತರ ಆಸುಪಾಸಿನ ಮನುಷ್ಯ. ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದವರು ಕಾರನ್ನು ನೋಡಲಿಲ್ಲ. ಸ್ಟೂಲು ಎಳೆದು, "ಕುಳಿತುಕೊಳ್ಳಿ ತಾಯಿ. ಶಬ್ದ ಹೇಗೆ ಬರುತ್ತದೆ, ಬಾಯಲ್ಲಿ ಮಾಡಿ ತೋರಿಸಿ" ಎಂದರು.

"ಗುಂಯ್ ಅನ್ನುತ್ತದೆ ಅಣ್ಣ."

"ಗುಂಯ್ಯೋ, ಗರಗರವೋ?"

"ಗುಂಯ್ಯೇ."

"ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ ಕಟಕಟ ಅನ್ನುತ್ತದೆಯೇ? ಸಣ್ಣ ಹಳ್ಳದಲ್ಲಿ ಲೊಟಕ್ ಅನ್ನುತ್ತದೆಯೇ?"

ಇಲ್ಲ, ಇಲ್ಲ. ಅವರು ಕೇಳುತ್ತಲೇ ಹೋದರು, ನಾನು ಕಂಡದ್ದನ್ನೆಲ್ಲ ಹೇಳಿದೆ: 50ಕ್ಕೆ ಶುರು, ಕ್ಲಚ್ ಒತ್ತಿದರೂ ಇದೆ, ಬಲ ತಿರುವಿನಲ್ಲಿ ಜಾಸ್ತಿ, ಎಡ ತಿರುವಿನಲ್ಲಿ ಕಮ್ಮಿ, ಟೈರು ಹೊಸದು. ಕಾರಿನ ಬಾನೆಟ್ ಇನ್ನೂ ತೆರೆದಿರಲಿಲ್ಲ. ಅವರು ಎದ್ದು, "ಎಡಗಡೆ ಮುಂದಿನ ಬೇರಿಂಗ್ ಇರಬೇಕು. ಆದರೆ ತಿರುವಿನ ಲೆಕ್ಕ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಚಕ್ರ ಎತ್ತಿ ನೋಡದೆ ನಂಬಬಾರದು" ಎಂದರು. ಬೇರಿಂಗ್ ಎಂದರೆ ಚಕ್ರ ಸರಾಗವಾಗಿ ತಿರುಗಲೆಂದು ಎರಡು ಬಳೆಗಳ ನಡುವೆ ಉಕ್ಕಿನ ಗುಂಡುಗಳನ್ನಿಟ್ಟ ಭಾಗ.

ನಾನು ಕನ್ನಡ ಪಾಠ ಮಾಡುವವಳು. ಪ್ರತಿ ವರ್ಷ ಅನುಕರಣಾವ್ಯಯ ಎಂದು ಬೋರ್ಡಿನ ಮೇಲೆ ಬರೆದು ಪಟಪಟ, ದಡದಡ, ಚಟಚಟ ಎಂದು ನಾಲ್ಕು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಆ ಶೆಡ್ಡಿನಲ್ಲಿ ಕುಳಿತಾಗ ಅದೇ ಪದಗಳು ಪಾನ, ಸುತ್ತಿಗೆಗಳ ಜೊತೆ ಗೋಡೆಗೆ ನೇತುಹಾಕಿದ ಸಲಕರಣೆಗಳಂತೆ ಕಂಡವು. ಮೇಸ್ತ್ರಿ ಒಂದೊಂದನ್ನೂ ಅದರದರ ಕೆಲಸಕ್ಕೆ ಇಟ್ಟುಕೊಂಡಿದ್ದರು. ಪೂರ್ತಿ ತಿರುವಿನಲ್ಲಿ ಕಟಕಟ ಎಂದರೆ ಆಕ್ಸಲ್ ಜಾಯಿಂಟ್: ಅದರ ರಬ್ಬರ್ ಬೂಟು ಹರಿದು ಗ್ರೀಸ್ ಹೋಗಿ ಮಣ್ಣು ಸೇರಿರುತ್ತದೆ. ನಿಧಾನ ವೇಗದಲ್ಲಿ ಸಣ್ಣ ಹಳ್ಳಕ್ಕೆ ಲೊಟಕ್ ಎಂದರೆ ಲಿಂಕ್ ರಾಡ್ ಎಂಬ ಸಸ್ಪೆನ್ಶನ್ನಿನ ಸಣ್ಣ ಕಂಬಿ. ಕಿರ್ರ್ ಎಂದು ಕಿವಿ ಚುಚ್ಚಿದರೆ ಬ್ರೇಕ್ ಪ್ಯಾಡಿನಲ್ಲಿರುವ ಎಚ್ಚರಿಕೆಯ ತಗಡು; ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗಲೆಂದೇ ಅದನ್ನು ಇಟ್ಟಿರುತ್ತಾರೆ. ಅದನ್ನೂ ಕೇಳದೆ ಹೋದರೆ ಮುಂದಿನದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಕೊರಕೊರ, ಆಗ ಡಿಸ್ಕೂ ಹಾಳು. ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕುಂಯ್ ಎಂದು ಕಿರುಚಿ ನಿಮಿಷದಲ್ಲಿ ನಿಂತರೆ ಬೆಲ್ಟ್. ನಿಂತಲ್ಲೇ ಎಂಜಿನ್ ಓಡುವಾಗ ಒಂದು ಹದಕ್ಕೆ ಮಾತ್ರ ಝಣಝಣ ಎಂದರೆ ಸೈಲೆನ್ಸರ್ ಕೊಳವೆಯ ಮೇಲಿನ ಶಾಖ ತಡೆಯುವ ತಗಡಿನ ಬೋಲ್ಟು ಸಡಿಲ. ಅದು ಪುಕ್ಕಟೆಯ ಕೆಲಸ, ಹೆದರುವಂಥದ್ದಲ್ಲ. ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಹೊರಟಾಗ ಸರಸರ ಎಂದು ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ನಿಂತರೆ ಡಿಸ್ಕಿನ ಮೇಲೆ ಕೂತ ರಾತ್ರಿಯ ತುಕ್ಕು. ಇವುಗಳಲ್ಲಿ ಒಂದು ಪದವನ್ನೂ ನಾನು ಅವರಿಗೆ ಕಲಿಸಬೇಕಾಗಿರಲಿಲ್ಲ. ಸರ್ವಿಸ್ ಸೆಂಟರಿನ ಆ ಹುಡುಗನಿಗೂ ಮನೆಯಲ್ಲಿ ಈ ಪದಗಳೆಲ್ಲ ಗೊತ್ತಿರುತ್ತವೆ. ಕಾರ್ಡಿನಲ್ಲಿ ಅವನ್ನು ಬರೆಯಲು ಜಾಗ ಇರಲಿಲ್ಲ ಅಷ್ಟೇ.

"ಗುಂಯ್ ಹಣ್ಣಾದರೆ ಗರಗರ ಆಗುತ್ತದೆ. ಗರಗರ ಆದ ಮೇಲೆ ಚಕ್ರ ಆಡುವುದಕ್ಕೆ ಶುರು. ಆಮೇಲೆ ಅದು ಎಲ್ಲಿ ಹಿಡಿದುಕೊಳ್ಳುತ್ತದೋ ಹೇಳಲಾಗುವುದಿಲ್ಲ" ಎಂದರು ಮೇಸ್ತ್ರಿ. ನನ್ನ ಎರಡು ತಿಂಗಳು ನೆನಪಾಯಿತು.

ಮುಂದಿನ ಭಾಗವನ್ನು ಜಾಕಿನ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟರು. ಎಡಗಡೆಯ ಚಕ್ರಕ್ಕೆ ಮೇಲೊಂದು ಕೈ ಕೆಳಗೊಂದು ಕೈ ಕೊಟ್ಟು ತಳ್ಳಿ ಎಳೆದರು. ಆಟ ಇರಲಿಲ್ಲ. "ಇನ್ನೂ ಹಣ್ಣಾಗಿಲ್ಲ" ಎಂದರು. ನಂತರ ನನ್ನನ್ನು ಹತ್ತಿರ ಕರೆದರು. ಬಲಗಡೆಯ ಚಕ್ರದ ಮೇಲಿನ ಸುರುಳಿ ಸ್ಪ್ರಿಂಗಿನ ಮೇಲೆ ಬೆರಳ ತುದಿ ಇಡಲು ಹೇಳಿ, ತಾವು ಚಕ್ರವನ್ನು ಜೋರಾಗಿ ತಿರುಗಿಸಿಬಿಟ್ಟರು. ಸ್ಪ್ರಿಂಗಿನಲ್ಲಿ ಏನೂ ಇಲ್ಲ, ತಣ್ಣನೆಯ ಕಬ್ಬಿಣ. ಎಡಗಡೆಗೆ ಬಂದೆವು. ಬೆರಳಿಟ್ಟೆ. ಅವರು ತಿರುಗಿಸಿದರು. ಕೈಯಲ್ಲಿ ತಿರುಗಿಸಿದ ಆ ನಿಧಾನ ವೇಗದಲ್ಲಿ ಕಿವಿಗೆ ಏನೂ ಇರಲಿಲ್ಲ. ಬೆರಳ ತುದಿಗೆ ಮಾತ್ರ, ಮಲಗಿದ ಬೆಕ್ಕಿನ ಕತ್ತಿನ ಮೇಲೆ ಕೈ ಇಟ್ಟಂತೆ, ಒಂದು ಸಣ್ಣ ಗುರುಗುರು. ಮತ್ತೆ ಬಲಕ್ಕೆ ಹೋಗಿ ಬೆರಳಿಟ್ಟು ಬಂದೆ. ಮತ್ತೆ ಎಡಕ್ಕೆ. ಅಪ್ಪ ಎರಡು ಕಿವಿಗೆ ಎರಡು ಕಾಯಿ ಹಿಡಿದದ್ದು ಇದಕ್ಕೇ.

ಈ ಕಾರಿನಲ್ಲಿ ಬೇರಿಂಗನ್ನು ಚಕ್ರ ಹಿಡಿಯುವ ಎರಕದ ತುಂಡಿನೊಳಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಸುತ್ತಿಗೆಯಲ್ಲಿ ಬಡಿದು ಹಾಕುವ ಶೆಡ್ಡುಗಳೂ ಇವೆ. ಈ ಮೇಸ್ತ್ರಿ ಇಡೀ ತುಂಡನ್ನೇ ಬಿಚ್ಚಿ, ಪ್ರೆಸ್ ಇರುವ ಇನ್ನೊಂದು ಶೆಡ್ಡಿಗೆ ಸ್ಕೂಟರಿನಲ್ಲಿ ಹೊತ್ತುಕೊಂಡು ಹೋದರು. ನಾನೂ ಹಿಂದೆ ಆಟೊ ಹಿಡಿದು ಹೋದೆ, ನೋಡಲೇಬೇಕಿತ್ತು. ಹೊಸ ಬೇರಿಂಗನ್ನು ಕೂರಿಸುವಾಗ ಒತ್ತಡ ಹೊರಗಿನ ಬಳೆಯ ಮೇಲೆ ಮಾತ್ರ ಬೀಳುವಂತೆ ಅಳತೆಯ ಉಂಗುರವೊಂದನ್ನು ಇಟ್ಟರು. ಒಳಗಿನ ಬಳೆಯ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಓಟದ ಹಾದಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳಿಸುತ್ತದೆ; ಹೊಸ ಬೇರಿಂಗ್ ಮೊದಲ ದಿನದಿಂದಲೇ ಹಾಡಲು ತೊಡಗುತ್ತದೆ. ಬೇರಿಂಗಿನ ಒಂದು ಮುಖದ ಸೀಲಿನಲ್ಲಿ, ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ನೋಡಿಕೊಳ್ಳುವ ಎ.ಬಿ.ಎಸ್.ನ ಸೆನ್ಸರ್ ಓದುವ ಕಾಂತದ ಪಟ್ಟಿ ಇರುತ್ತದೆ, ಅದು ಯಾವ ಕಡೆ ಬರಬೇಕು ಎಂದು ಎರಡು ಸಲ ನೋಡಿದರು. ಆಕ್ಸಲ್ಲಿನ ದೊಡ್ಡ ನಟ್ಟನ್ನು ಹಳೆಯದು ಚೆನ್ನಾಗಿದ್ದರೂ ಎಸೆದು ಹೊಸದು ಹಾಕಿದರು. ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡಿ ತಿಳಿಸುವ ಟಾರ್ಕ್ ಪಾನ ಟಕ್ ಎಂದಾಗ ನಿಲ್ಲಿಸಿದರು. "ಇದೊಂದು ಟಕ್ ಒಳ್ಳೆಯ ಶಬ್ದ" ಎಂದರು.

ಹಳೆಯ ಬೇರಿಂಗನ್ನು ಕೇಳಿ ತೆಗೆದುಕೊಂಡೆ. ಒಳಗಿನ ಬಳೆ ಬಿಚ್ಚಿದಾಗ ಗುಂಡುಗಳು ಓಡುವ ಹಾದಿ ಕಾಣಿಸಿತು. ಕನ್ನಡಿಯಂಥ ಹೊಳಪಿನ ನಡುವೆ ಅಕ್ಕಿಕಾಳಿನಷ್ಟು ಉದ್ದಕ್ಕೆ ಸಿಪ್ಪೆ ಎದ್ದಿತ್ತು, ಸಿಡುಬಿನ ಕಲೆಯ ಹಾಗೆ. ಗ್ರೀಸ್ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಕಳೆದ ಮಳೆಗಾಲದಲ್ಲಿ ಊರಿನ ಹತ್ತಿರದ ರೈಲ್ವೆ ಕೆಳಸೇತುವೆಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದಾಗ ಧೈರ್ಯ ಮಾಡಿ ದಾಟಿದ್ದೆ, ಎಡಗಡೆ ಯಾವುದೋ ಗುಂಡಿಗೆ ಚಕ್ರ ಧಡ್ ಎಂದು ಇಳಿದಿತ್ತು. ಆ ಒಂದೇ ಪೆಟ್ಟು, ಅದೇ ನೀರು ಎಂದು ಆಣೆ ಇಟ್ಟು ಹೇಳಲಾರೆ. ಆದರೆ ಸೀಲಿನೊಳಗೆ ನೀರು ನುಗ್ಗಿದರೆ ಗ್ರೀಸ್ ಕೆಡುತ್ತದೆ,  ಪೆಟ್ಟು ಬಿದ್ದರೆ ಹಾದಿಯಲ್ಲಿ ತಗ್ಗು ಬೀಳುತ್ತದೆ, ತಗ್ಗಿನ ಅಂಚಿನಿಂದ ಸಿಪ್ಪೆ ಏಳುತ್ತದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 8 ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಒಂದು ಸಾಲಿನಲ್ಲಿ 12 ಗುಂಡುಗಳಿದ್ದರೆ, ಹೊರಬಳೆಯ ಒಂದು ಗಾಯದ ಮೇಲೆ ಸೆಕೆಂಡಿಗೆ 40ರ ಸುಮಾರು ಗುಂಡುಗಳು ಹಾಯುತ್ತವೆ. ಪ್ರತಿ ಗುಂಡಿಗೂ ಒಂದು ಸಣ್ಣ ಟಿಕ್. ಸೆಕೆಂಡಿಗೆ 20ಕ್ಕಿಂತ ಹೆಚ್ಚಿನ ಬಡಿತಗಳು ಸೇರಿದರೆ ನಮ್ಮ ಕಿವಿ ಅವನ್ನು ಬಿಡಿಬಿಡಿಯಾಗಿ ಎಣಿಸುವುದನ್ನು ಬಿಟ್ಟು ಒಂದೇ ಸ್ವರವಾಗಿ ಕೇಳತೊಡಗುತ್ತದೆ. ನಲವತ್ತು ಟಿಕ್‌ಗಳು ಸೇರಿ ಒಂದು ಗುಂಯ್. ದುಂಬಿಯದೂ ಅದೇ ಕಥೆ: ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬಡಿಯುವ ರೆಕ್ಕೆ, ಕೇಳಿಸುವುದು ಒಂದೇ ಎಳೆ. ಕಣ್ಣು ಮುಚ್ಚಿಕೊಂಡು ಅಮ್ಮ ಹೇಳಿದ ಹೋಲಿಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಆ ಬೇರಿಂಗನ್ನು ತೆಗೆದುಕೊಂಡು ಹೋದೆ. ಅಮ್ಮ ಅದನ್ನು ಕೈಗೆತ್ತಿಕೊಂಡು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟಳು. "ಮುಕ್ಕಾದ ರಾಗಿ ಕಲ್ಲು" ಎಂದಳು. ಬೀಸುವ ಕಲ್ಲಿನ ಮೈ ನುಣುಪಾದಾಗ ಒಂದು ಸದ್ದು, ಕಾಳು ಮುಗಿದು ಕಲ್ಲಿಗೆ ಕಲ್ಲು ತಿಕ್ಕಿದಾಗ ಒಂದು ಸದ್ದು, ಕಲ್ಲಿನ ಅಂಚು ಮುಕ್ಕಾಗಿ ಸುತ್ತಿಗೊಮ್ಮೆ ತಡೆದಾಗ ಇನ್ನೊಂದು. ಕಲ್ಲು ಕುಟ್ಟುವವರು ಬೀದಿಯಲ್ಲಿ ಕೂಗಿಕೊಂಡು ಬಂದಾಗ ಅಜ್ಜಿ ಅವರಿಗೆ ಕಲ್ಲನ್ನು ತೋರಿಸುವ ಮೊದಲು ಒಮ್ಮೆ ತಿರುಗಿಸಿ ಸದ್ದನ್ನು ಕೇಳಿಸುತ್ತಿದ್ದರಂತೆ. ಅಪ್ಪ ಬೇರಿಂಗನ್ನು ತೆಗೆದುಕೊಂಡು ಕಿವಿಯ ಬಳಿಗೆ ಒಯ್ಯಲಿಲ್ಲ. ಮುಷ್ಟಿಯೊಳಗೆ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಒಂದು ಕಡೆ ನಿಲ್ಲಿಸಿದರು. ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ. "ಇಲ್ಲಿ" ಎಂದು ತೋರಿಸಿದರು. ಬಳೆ ಕಳಚಿ ನೋಡಿದೆ. ಅಕ್ಕಿಕಾಳಿನಷ್ಟು ಉದ್ದದ ಗಾಯ ಅವರ ಹೆಬ್ಬೆರಳಿನ ನೇರಕ್ಕೇ ಇತ್ತು.

ಬೇರಿಂಗಿಗೂ ಕೂಲಿಗೂ ಸೇರಿ ಮೂರು ಸಾವಿರದೊಳಗೆ ಮುಗಿದಿತ್ತು. ಸರ್ವಿಸ್ ಸೆಂಟರಿಗೆ ಹೋಗಿ ಜಗಳವಾಡಬೇಕು ಎಂದುಕೊಂಡವಳು ಹೋಗಲಿಲ್ಲ; ಬದಲಿಗೆ ಅವರಿಗೊಂದು ಕಾಗದ ಬರೆದೆ. ಶಬ್ದದ ದೂರು ಬಂದಾಗ ಕಾರ್ಡಿನಲ್ಲಿ ಯಾವ ವೇಗ, ಯಾವ ತಿರುವು, ಯಾವ ರಸ್ತೆ, ಗ್ರಾಹಕರು ಬಾಯಲ್ಲಿ ಹೇಳಿದ ಸದ್ದು ಯಾವುದು ಎಂದು ಕೇಳಿ ಬರೆದುಕೊಳ್ಳಿ ಎಂದು. ಉತ್ತರ ಬಂದಿಲ್ಲ. ತರಗತಿಯಲ್ಲಿ ಮಾತ್ರ ಈ ವರ್ಷ ಅನುಕರಣಾವ್ಯಯಕ್ಕೆ ಒಂದು ಇಡೀ ಪೀರಿಯಡ್ ಕೊಟ್ಟೆ. ಮಕ್ಕಳಿಗೆ ಮನೆಯಲ್ಲಿ ಕೇಳುವ ಹತ್ತು ಸದ್ದುಗಳನ್ನು ಬರೆದುಕೊಂಡು ಬನ್ನಿ, ಪ್ರತಿ ಸದ್ದು ಏನನ್ನು ಹೇಳುತ್ತದೆ ಎಂದೂ ಬರೆಯಿರಿ ಎಂದೆ. ಗುಬ್ಬಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಬರೆದಿದ್ದಳು: ಬೋರಿನ ಮೋಟರು ಜುಯ್ ಎನ್ನುವುದು ನೀರು ಬರುವಾಗ, ಜೀಂ ಎನ್ನುವುದು ನೀರು ಬತ್ತಿದಾಗ, ಆಗ ಅಪ್ಪ ಊಟ ಬಿಟ್ಟು ಓಡುತ್ತಾರೆ.

ಅಪ್ಪನನ್ನು ಮತ್ತೆ ತುಮಕೂರಿಗೆ ಕರೆತಂದು, ಮರುದಿನ ವಾಪಸು ಹೊರಟಿದ್ದೆವು. ಬೆನ್ನಿನ ಮೊಂಡು ಸದ್ದು ಈ ಸಲ ಎರಡು ಬೆರಳು ಕೆಳಗೆ ಇಳಿದಿದೆ, ಔಷಧ ಹಿಡಿಯುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಗುಬ್ಬಿ ದಾಟಿತು. 50, 60. ರೇಡಿಯೊ ಹಾಕಿರಲಿಲ್ಲ. ಕೆರೆ ಏರಿಯ ಮೇಲೆ ಬಲಕ್ಕೆ ಬಾಗಿದೆ, ಎಡಕ್ಕೆ ಹೊರಳಿದೆ. ಟೈರು ರಸ್ತೆಯ ಮೇಲೆ ಓಡುವ ಸೊರ್ರ್ ಎಂಬ ಒಂದೇ ಸದ್ದು, ಹಿಂದಿನ ಸೀಟಿನಲ್ಲಿ ಅಮ್ಮನ ಉಸಿರು. ಅಪ್ಪ ಚಪ್ಪಲಿ ಬಿಟ್ಟು, ಮ್ಯಾಟು ಸರಿಸಿ, ಪಾದ ಊರಿದ್ದರು. ಏರಿ ಮುಗಿಯುವವರೆಗೆ ಹಾಗೆಯೇ ಇದ್ದರು. ಆಮೇಲೆ ಮ್ಯಾಟನ್ನು ಕಾಲಿನಿಂದಲೇ ಮೊದಲಿನ ಜಾಗಕ್ಕೆ ಎಳೆದು, ಚಪ್ಪಲಿ ಮೆಟ್ಟಿಕೊಂಡು, ಈ ವಾರ ತಿಪಟೂರಿನಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯಿತಂತೆ ಎಂದು ಕೇಳಿದರು.